ಚಕ್ರಕ್ಕೆ ಹಚ್ಚಿದ ಸಿಂಧೂರ

ಆವತ್ತು ಬೆಳಗಿನ ಮಂಜು ಹೇಗೆ ಇಳಿದಿತ್ತೆಂದರೆ, ಆಂಜನೇಯನ ಗುಡಿಯ ಬಾಗಿಲಲ್ಲಿ ನಿಂತವರಿಗೂ ಗೋಪುರ ಕಾಣುತ್ತಿರಲಿಲ್ಲ, ಗಂಟೆ ಮಾತ್ರ ಕೇಳುತ್ತಿತ್ತು. ಧನುರ್ಮಾಸದ ಹದಿಮೂರನೆಯ ದಿನ. ಬಾಗಲೂರು ಸೀಮೆಯಲ್ಲಿ ಈ ತಿಂಗಳ ಮಂಜು ಒದ್ದೆ ಕಂಬಳಿಯ ಹಾಗೆ ಬಂದು ಕೂತರೆ ಎಂಟು ಗಂಟೆಯವರೆಗೆ ಏಳುವುದಿಲ್ಲ. ಗುಲಾಬಿ ತೋಟಗಳ ಪ್ಲಾಸ್ಟಿಕ್ ಚಪ್ಪರಗಳಿಂದ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ರಸ್ತೆ ಎಲ್ಲಿದೆಯೆಂಬುದನ್ನು ಟಿಪ್ಪರ್ ಲಾರಿಗಳ ಸದ್ದೇ ಹೇಳಬೇಕು.

ಅಂಥ ಮಂಜಿನೊಳಗೆ ನಾರಾಯಣಪ್ಪ ಪೂಜೆ ಮುಗಿಸಿಕೊಂಡು ಹೊರಗೆ ಬಂದ. ಕೈಯಲ್ಲಿ ಒಂದು ಮುತ್ತುಗದ ಎಲೆ, ಎಲೆಯ ಮೇಲೆ ಸ್ವಾಮಿಯ ಮೈಯಿಂದ ತೆಗೆದ ಸಿಂಧೂರ. ಎಳ್ಳೆಣ್ಣೆಯಲ್ಲಿ ಕಲಸಿ ಸ್ವಾಮಿಗೆ ಹಚ್ಚಿದ ಸಿಂಧೂರ ಅದು. ಮುಟ್ಟಿದರೆ ಬೆರಳಿಗೆ ಬೆಣ್ಣೆಯ ಹಾಗೆ ಅಂಟುತ್ತದೆ. ಊರಲ್ಲಿ ಮಗು ಹುಟ್ಟಿದರೂ, ಬೋರ್‌ವೆಲ್‌ಗೆ ಹೊಸ ಮೋಟಾರು ಇಳಿಸಿದರೂ, ಹಟ್ಟಿಗೆ ಸೀಮೆ ಹಸು ಬಂದರೂ ಆ ಸಿಂಧೂರ ಒಂದು ಬೊಟ್ಟು ಬೀಳದೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಇಡುವವನು ಯಾವಾಗಲೂ ನಾರಾಯಣಪ್ಪನೇ. ಮೂವತ್ತು ವರ್ಷದಿಂದ ಶನಿವಾರದ ಭಜನೆ ನಡೆಸಿಕೊಂಡು ಬಂದವನು, ಸ್ವಾಮಿಯ ಕಥೆ ಹೇಳಲು ಕೂತರೆ ಹೆಂಗಸರು ಕಣ್ಣೊರೆಸಿಕೊಳ್ಳುವಂತೆ ಹೇಳುವವನು. ಅವನ ಬೆರಳೆಂದರೆ ಊರಿಗೆ ನಂಬಿಕೆ.

ಗುಡಿಯ ಮುಂದೆ ಅವನ ಬೈಕು ನಿಂತಿತ್ತು. ಬೈಕು ಹನ್ನೆರಡು ವರ್ಷದ ಹಳೆಯದು, ಮುಂದಿನ ಚಕ್ರ ಮಾತ್ರ ನಿನ್ನೆಯದು. ಮೊದಲಿದ್ದ ಡ್ರಮ್ ಬ್ರೇಕನ್ನು ಚಲಪತಿ ಬಿಚ್ಚಿ ಪಕ್ಕಕ್ಕಿಟ್ಟು, ಡಿಸ್ಕ್ ಬ್ರೇಕು ಹಾಕಿಕೊಟ್ಟಿದ್ದ. ಅದಕ್ಕೆಂದು ಚಕ್ರ ಬೇರೆ, ಫೋರ್ಕು ಬೇರೆ, ಹ್ಯಾಂಡಲಿನ ಮೇಲೆ ಬ್ರೇಕ್ ಆಯಿಲಿನ ಪುಟ್ಟ ಡಬ್ಬಿ ಬೇರೆ. ದಿನಾ ಬೆಳಗ್ಗೆ ಸೊಸೆ ಸರಳಾಳನ್ನು ಕಂಪನಿ ಬಸ್ಸಿಗೆ ಬಿಡುವುದು ನಾರಾಯಣಪ್ಪನ ಕೆಲಸ. ಮಗ ಕುಮಾರೇಶನದು ರಾತ್ರಿ ಪಾಳಿ, ಅವನು ಮನೆಗೆ ಬರುವುದೇ ಏಳಕ್ಕೆ. ಹೋದ ತಿಂಗಳು ಒಂದು ಟಿಪ್ಪರು ಮೂತಿಯ ಮುಂದೆಯೇ ಅಡ್ಡ ಬಂದಾಗ ಡ್ರಮ್ ಬ್ರೇಕು ಅತ್ತು ಕರೆದು ಹೇಗೋ ನಿಲ್ಲಿಸಿತ್ತು. ಅದನ್ನು ಕೇಳಿ ಚಲಪತಿಯೇ, "ನಾರಾಯಣಣ್ಣ, ಹೆಣ್ಮಗೂನ ಹಿಂದೆ ಕೂರಿಸ್ಕೊಂಡು ಓಡಾಡೋ ಗಾಡಿ. ಇನ್ನ ಈ ಡ್ರಮ್ಮು ನಂಬ್ಕೋಬ್ಯಾಡಿ" ಎಂದಿದ್ದ.

ಚಲಪತಿಯ ಅಂಗಡಿ ಬಾಗಲೂರು ರಸ್ತೆಯ ಮೇಲೆ, ಹುಣಸೆಮರದ ಕೆಳಗೆ, ಒಂದು ತಗಡಿನ ಶೆಡ್ಡು. ಕೆಲಸ ಕಡಿಮೆ ಮಾತಿನದು, ಕೈ ನಿಧಾನದ್ದು. ನಿನ್ನೆ ಡಿಸ್ಕು ಕೂರಿಸಿ, ಪೈಪಿನೊಳಗಿನ ಗಾಳಿಯನ್ನು ಲಿವರ್ ಒತ್ತಿ ಒತ್ತಿ ಹೊರಗೆ ಬಿಟ್ಟು, ಕೊನೆಗೆ ಒಂದೇ ಒಂದು ಪಾಠ ಹೇಳಿದ್ದ.

"ಡಿಸ್ಕಿಗೆ ಎಣ್ಣೆ, ಗ್ರೀಸು ಒಂದು ತೊಟ್ಟೂ ಸೋಕಿಸ್ಬಾರ್ದು ಅಣ್ಣ. ಇದರ ಎರಡೂ ಕಡೆ ಕಚ್ಕೊಳ್ಳೋ ಪ್ಯಾಡು ಅವೆ ನೋಡಿ, ಅವು ಸ್ಪಂಜಿದ್ದಂಗೆ. ಎಣ್ಣೆ ಕುಡಿದ್ವು ಅಂದ್ರೆ ಮುಗೀತು, ತಿರುಗಾ ಕಕ್ಕಲ್ಲ."

"ಆಯ್ತಪ್ಪ, ಎಣ್ಣೆ ಯಾಕೆ ಹಾಕ್ಲಿ ನಾನು" ಎಂದು ನಾರಾಯಣಪ್ಪ ನಕ್ಕಿದ್ದ.

ಈಗ ಮಂಜಿನಲ್ಲಿ ಆ ಡಿಸ್ಕು ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತಿತ್ತು. ಡ್ರಮ್ಮಿನೊಳಗೆ ಏನಿತ್ತೋ ಕಂಡವರಿಲ್ಲ. ಇದು ಮಾತ್ರ ಸ್ವಾಮಿಗೆ ಮುಖವೊಡ್ಡಿ ನಿಂತಿದೆ. ನಾಳೆ ತಡೆದು ನಿಲ್ಲಿಸಬೇಕಾದದ್ದು ಇದೇ ತಾನೆ, ಬೊಟ್ಟು ಸಲ್ಲಬೇಕಾದದ್ದೂ ಇದಕ್ಕೇ ಎಂದುಕೊಂಡ. ಹೆಡ್‌ಲೈಟಿಗೆ ಒಂದು ಬೊಟ್ಟಿಟ್ಟು, ಉಳಿದ ಸಿಂಧೂರವನ್ನು ಮೂರು ಬೆರಳಲ್ಲಿ ಬಳಿದುಕೊಂಡು ಡಿಸ್ಕಿನ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮೂರು ಮೂರು ಗೆರೆ ಎಳೆದ. ಚಲಪತಿಯ ಮಾತು ನೆನಪಿರಲಿಲ್ಲವೆಂದಲ್ಲ. ಅವನು ಹೇಳಿದ್ದು ಎಣ್ಣೆಯ ಮಾತು. ಇದು ಸಿಂಧೂರ. ಸಿಂಧೂರದಲ್ಲಿ ಎಣ್ಣೆಯಿದೆಯೆಂಬುದು ಆ ಹೊತ್ತಿಗೆ ನಾರಾಯಣಪ್ಪನ ತಲೆಗೆ ಬರಲೇ ಇಲ್ಲ. ತೀರ್ಥದಲ್ಲಿ ನೀರಿದೆಯೆಂದು ಯಾರು ನೆನೆಯುತ್ತಾರೆ?

ಆರಕ್ಕೆ ಮನೆಯ ಮುಂದೆ ಸರಳಾ ಸ್ವೆಟರಿನ ಮೇಲೆ ಕಂಪನಿಯ ನೀಲಿ ಕೋಟು ತೊಟ್ಟು, ಡಬ್ಬಿಯ ಚೀಲ ಹೆಗಲಿಗೇರಿಸಿ ಹಿಂದೆ ಕೂತಳು. "ಮಾವ, ನಿಧಾನ. ಬಸ್ಸು ಹೋದ್ರೆ ಹೋಗ್ಲಿ" ಎಂದಳು. ಅವನು ನಿಧಾನವಾಗಿಯೇ ಹೊರಟ. ಮಣ್ಣುದಾರಿ ಮುಗಿದು ಟಾರು ರಸ್ತೆ ಸಿಕ್ಕಿ ಒಂದು ಫರ್ಲಾಂಗು ಹೋಗಿರಬೇಕು. ಎಡಗಡೆಯ ತೋಟದಿಂದ ಹೂವಿನ ಟೆಂಪೋ ಒಂದು, ದೀಪವಿಲ್ಲದೆ, ಮಂಜಿನಿಂದ ಎದ್ದು ಬಂದ ಹಾಗೆ ರಸ್ತೆಗೆ ಅಡ್ಡ ಬಂತು. ನಾರಾಯಣಪ್ಪ ಮುಂದಿನ ಬ್ರೇಕು ಹಿಡಿದ. ಲಿವರು ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಹಿಡಿದಷ್ಟೂ ಜಾರಿತು. ಗಾಬರಿಯಲ್ಲಿ ಹಿಂದಿನ ಬ್ರೇಕನ್ನು ತುಳಿದ. ಒದ್ದೆ ರಸ್ತೆಯ ಮೇಲೆ ಹಿಂದಿನ ಚಕ್ರ ಅಡ್ಡಡ್ಡ ತಿರುಗಿ ಇಬ್ಬರನ್ನೂ ಎತ್ತಿ ಹಾಕಿತು.

ಟೆಂಪೋದವನಿಗೆ ಗೊತ್ತಾಯಿತೋ ಇಲ್ಲವೋ, ಹೋಗಿಬಿಟ್ಟ. ನಾರಾಯಣಪ್ಪನಿಗೆ ಮೊಣಕಾಲು ತರಚಿತ್ತು, ಅಷ್ಟೆ. ಎದ್ದು ನಿಂತ. ನಾಲ್ಕು ಮಾರು ದೂರದಲ್ಲಿ ಸರಳಾ ರಸ್ತೆಯ ಅಂಚಿನಲ್ಲಿ ಕೂತು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಬಾಯಿ ತೆರೆದಿದ್ದಳು. ಅವಳ ಕಡೆಗೆ ಹೊರಟವನ ಕಣ್ಣು ದಾರಿಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹೋಯಿತು. ಡಿಸ್ಕಿನ ಸುತ್ತ ಕೆಂಪಗೆ ಒಂದು ಬಳೆ. ಸಿಂಧೂರದ ಗೆರೆಗಳು ಸವರಿಕೊಂಡು ಸವರಿಕೊಂಡು ಬಳೆಯಾಗಿದ್ದವು. ಸುಟ್ಟ ಎಳ್ಳೆಣ್ಣೆಯ ವಾಸನೆ ಮೂಗಿಗೆ ಬಂತು. ಆ ಒಂದು ಉಸಿರಿನಲ್ಲಿ ನಾರಾಯಣಪ್ಪನಿಗೆ ಎಲ್ಲವೂ ತಿಳಿಯಿತು.

ಯಾರೋ ಓಡಿ ಬರುವ ಸದ್ದು ಕೇಳಿಸಿತು. ಆಗ ಅವನು ಮಾಡಿದ್ದು ಇದು: ಹೆಗಲ ಮೇಲಿನ ಟವಲನ್ನು ತೆಗೆದು, ಕೂತು, ಡಿಸ್ಕನ್ನು ಒರೆಸಿದ. ಒಂದು ಮಗ್ಗುಲು ಒರೆಸಿ, ಚಕ್ರ ತಿರುಗಿಸಿ, ಇನ್ನೊಂದು ಮಗ್ಗುಲನ್ನೂ ಒರೆಸಿದ. ಟವಲನ್ನು ಮಡಿಚಿ ಕೆಂಪು ಕಾಣದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಸೊಸೆಯ ಹತ್ತಿರ ಹೋದ.

ಓಡಿ ಬಂದವನು ಮುನಿವೆಂಕಟಪ್ಪ. ನಾರಾಯಣಪ್ಪನ ಜೊತೆ ಸ್ಲೇಟು ಹಿಡಿದು ಶಾಲೆಗೆ ಹೋದವನು, ಪಕ್ಕದ ತೋಟದವನು, ಬಾಯಿ ದೊಡ್ಡದು. "ಏನಾಯ್ತ್ಲಾ ನಾಣಿ? ಎಂಗ್ ಬಿದ್ದೆ?" ಎಂದ.

"ಬ್ರೇಕು ಹಿಡೀಲಿಲ್ಲ ಕಣ್ಲಾ" ಎಂದ ನಾರಾಯಣಪ್ಪ.

ಸುಳ್ಳಲ್ಲ. ಬ್ರೇಕು ಹಿಡಿಯಲಿಲ್ಲ, ನಿಜ. ನಿಜವನ್ನೇ ಹೇಳಿ ಸುಳ್ಳು ಮಾಡುವ ವಿದ್ಯೆ ತನಗೆ ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೆ ಐವತ್ತೆಂಟು ವರ್ಷ ಗೊತ್ತಿರಲಿಲ್ಲ.

"ನಿನ್ನೆ ತಾನೆ ಹಾಕಿಸಿದ್ಯಲ್ಲೋ ಆ ಚಲಪತಿ ತಾವ! ಒಂದು ದಿನ ತಡೀಲಿಲ್ವಾ ಅವನ ಕೆಲ್ಸ?"

ನಾರಾಯಣಪ್ಪ ಸೊಸೆಯ ಡಬ್ಬಿಯ ಚೀಲವನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಸರಳಾಳ ಮುರಿದ ಮಣಿಕಟ್ಟಿಗೆ ಪಟ್ಟಿ ಹಾಕಿದರು. ಕಟ್ಟು ಹಾಕುವವನು ತಮಿಳಿನವನು, "ಒಣ್ಣುಮಿಲ್ಲೆ ಪೆರಿಯವರೇ, ಆರು ವಾರಂ" ಎಂದು, ಏನೂ ಆಗಿಲ್ಲವೆಂಬ ಹಾಗೆ, ನಾರಾಯಣಪ್ಪನಿಗೇ ಸಮಾಧಾನ ಹೇಳಿದ. ಆರು ವಾರ ಅವಳು ಕಂಪನಿಯ ಲೈನಿನಲ್ಲಿ ನಿಲ್ಲುವಂತಿಲ್ಲ. ಮನೆಯಲ್ಲಿ ಹೆಂಡತಿ ವರಲಕ್ಷ್ಮಮ್ಮ ಸೊಸೆಗೆ ತಲೆ ಬಾಚುವುದರಿಂದ ಹಿಡಿದು ಎಲ್ಲವನ್ನೂ ಮಾಡಬೇಕಾಯಿತು.

ನೋಡಲು ಬಂದವರು ಬಂದರು. ಅವರಲ್ಲಿ ಮೊದಲು ಬಂದವಳು ಗೋವಿಂದಮ್ಮ, ಗುಡಿಗೆ ಹೂ ಕಟ್ಟಿಕೊಡುವ ಮುದುಕಿ. ಹೆಡ್‌ಲೈಟಿನ ಮೇಲೆ ಉಳಿದಿದ್ದ ಬೊಟ್ಟನ್ನು ನೋಡಿ ಕೈ ಮುಗಿದಳು.

"ಸ್ವಾಮಿ ಸಿಂಧೂರ ಇತ್ತಲ್ಲವ್ವ, ಅದಕ್ಕೇ ಕೈಗೆ ಹೋಯ್ತು. ಇಲ್ದಿದ್ರೆ ತಲೆಗೇ ಬರ್ತಿತ್ತು. ಆ ಮೆಕಾನಿಕ್ಕು ಕೊಲ್ಲಾಕೆ ನೋಡ್ದ, ಸ್ವಾಮಿ ಕಾಯ್ದ!"

ಆ ಮಾತು ಸಂಜೆಯೊಳಗೆ ಊರೆಲ್ಲಾ ಹರಡಿತು. ಬೀಳಿಸಿದ್ದು ಚಲಪತಿ, ಉಳಿಸಿದ್ದು ಆಂಜನೇಯ. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ, ಅಂಥ ಕಥೆಯನ್ನು ನಾರಾಯಣಪ್ಪನೇ ಕಟ್ಟಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಕೇಳಿದವರಿಗೆಲ್ಲ ಅವನು ಒಂದೇ ಮಾತು ಹೇಳಿದ: "ಏನೋಪ್ಪ, ಬ್ರೇಕು ಹಿಡೀಲಿಲ್ಲ."

ಮಾರನೆಯ ದಿನ ಚಲಪತಿ ತಾನೇ ಬಂದ. ಬಾಗಿಲಲ್ಲೇ ನಿಂತು ಸರಳಾಳ ಕೈ ನೋಡಿದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ನಂದೇ ಏನೋ ತಪ್ಪಾಗಿರ್ಬೇಕು ಕಣಮ್ಮ" ಎಂದ. ಬೈಕನ್ನು ಓಡಿಸದೆ ತಳ್ಳಿಕೊಂಡು ಹೋದ, ಎರಡು ಮೈಲಿ.

ಎರಡು ದಿನದ ಮೇಲೆ ಗಾಡಿ ತಂದು ನಿಲ್ಲಿಸಿದ. "ಪ್ಯಾಡು ಬದಲಾಯ್ಸಿದೀನಿ. ಡಿಸ್ಕು ಉಪ್ಪುಕಾಗದದಲ್ಲಿ ತೀಡಿ, ತೊಳ್ದು ಕೂರಿಸಿದೀನಿ. ಓಡ್ಸಿ ನೋಡ್ದೆ, ಈಗ ಸರಿಯಾಗಿ ಕಚ್ತದೆ." ಇಷ್ಟು ಹೇಳಿ ಹೊರಟವನು ಮತ್ತೆ ನಿಂತ. ನೆಲ ನೋಡಿಕೊಂಡು, ಬೇರೆ ಯಾರಿಗೋ ಹೇಳುವ ಹಾಗೆ ಹೇಳಿದ: "ಇನ್ಮೇಲೆ ಪೂಜೆ ಮಾಡ್ಸಿದ್ರೆ ಹೆಡ್‌ಲೈಟಿಗೆ ಒಂದು ಬೊಟ್ಟು ಸಾಕು ಅಣ್ಣ. ಚಕ್ರಕ್ಕೆ ಬ್ಯಾಡ."

ಅವನು ಹೋದ ಮೇಲೆ ನಾರಾಯಣಪ್ಪ ಚಕ್ರದ ಹತ್ತಿರ ಕೂತು ಡಿಸ್ಕನ್ನು ನೋಡಿದ. ಟವಲಿಗೆ ಸಿಕ್ಕಿದ್ದು ಮೇಲಿನ ಕೆಂಪು ಮಾತ್ರ. ಪ್ಯಾಡು ಕುಡಿದದ್ದನ್ನು ಯಾವ ಟವಲು ಒರೆಸುತ್ತದೆ? ಬಿಚ್ಚಿದವನು ನೋಡಿದ್ದಾನೆ. ನೋಡಿಯೂ ಊರಲ್ಲಿ ಹೇಳಲಿಲ್ಲ. ಮುನಿವೆಂಕಟಪ್ಪ ಅಂಗಡಿಯ ಮುಂದೆ ನಿಂತು "ಹೆಣ್ಮಗಳ ಕೈ ಮುರ್ದಾಕ್ದಲ್ಲೋ ಕಸುಬುಗೇಡಿ" ಎಂದು ಬೈದಾಗಲೂ, "ಹೌದಣ್ಣ, ಪ್ಯಾಡು ಸರಿ ಇರ್ಲಿಲ್ಲ" ಎಂದನಂತೆ, ಅಷ್ಟೆ.

ಚಲಪತಿ ತನ್ನನ್ನು ಬೈದಿದ್ದರೆ ನಾರಾಯಣಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಶನಿವಾರ ಭಜನೆಗೆ ಕೂತ. ತಾಳ ಹಿಡಿದ, ಬಾಯಿ ತೆರೆದ. ಸ್ವಾಮಿಯ ಮೈಯ ಕೆಂಪು ಕಣ್ಣಿಗೆ ಬಿದ್ದೊಡನೆ ದನಿ ಗಂಟಲಲ್ಲೇ ನಿಂತಿತು. "ಗಂಟಲು ಕಟ್ಟಿದೆ" ಎಂದು ಎದ್ದು ಬಂದ. ಅದೂ ನಿಜವೇ. ಈಚೆಗೆ ಅವನ ನಿಜಗಳೆಲ್ಲ ಹೀಗೇ ಆಗಿದ್ದವು. ಹೊರಗೆ ಬಂದಾಗ ಗೋವಿಂದಮ್ಮ, "ಮಗಳಂಥ ಸೊಸೆ ಬಿದ್ದಿದ್ದು ಮನಸ್ಸಿಗೆ ಹಚ್ಕೊಂಡವ್ನೆ ಪಾಪ" ಎಂದದ್ದು ಕಿವಿಗೆ ಬಿತ್ತು. ಆ 'ಪಾಪ'ದ ಮುಂದೆ ಛೀಮಾರಿಯೇ ಮೇಲು ಅನ್ನಿಸಿತು.

ಧನುರ್ಮಾಸ ಮುಗಿಯುತ್ತ ಬಂತು. ಒಂದು ಬೆಳಗ್ಗೆ ಟೀ ಅಂಗಡಿಯ ಪಾಪಣ್ಣ ಗ್ಲಾಸು ತೊಳೆಯುತ್ತ ಸುದ್ದಿ ಹೇಳಿದ.

"ಚಲಪತಿ ಅಂಗಡಿ ಎತ್ತುತಾವ್ನಂತೆ ನಾರಾಯಣಣ್ಣ. ಸಂಕ್ರಾಂತಿ ಆದ್ಮೇಲೆ ಹೊಸೂರಲ್ಲಿ ಯಾವುದೋ ಗೋಡೌನಲ್ಲಿ ಲೋಡಿಂಗ್ ಕೆಲ್ಸಕ್ಕೆ ಹೋಯ್ತಾನಂತೆ."

"ಯಾಕಂತೆ?"

"ಯಾಕೆ ಅಂತ ನೀನು ಕೇಳ್ತೀಯಾ? ಬ್ರೇಕು ಹಿಡೀದೇ ಇರೋ ಮೆಕಾನಿಕ್ಕು ತಾವ ಯಾರು ಹೋಯ್ತಾರೆ? ಡಿಸ್ಕು ಹಾಕುಸ್ತೀನಿ ಅಂದಿದ್ದ ನಾಲ್ಕು ಜನಾನೂ ಹೊಸೂರಿಗೆ ಹೋದ್ರು. ಪಂಚರ್ ಬಿಟ್ರೆ ಬೇರೆ ಕೆಲ್ಸ ಬಂದಿಲ್ಲ ಅವ್ನಿಗೆ ಹದಿನೈದು ದಿನದಿಂದ. ಇಪ್ಪತ್ತು ವರ್ಷದ ಅಂಗಡಿ ಕಣಣ್ಣ."

ಟೀ ಅರ್ಧಕ್ಕೇ ಬಿಟ್ಟು ನಾರಾಯಣಪ್ಪ ಮನೆಗೆ ಬಂದ. ಸಂಕ್ರಾಂತಿಗೆ ಇನ್ನು ಮೂರು ದಿನ.

ಸರಳಾ ಹಿತ್ತಲಲ್ಲಿ ಬಿಸಿಲಿಗೆ ಕೂತು ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯಲು ನೋಡುತ್ತಿದ್ದಳು. ಕಾಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಉಗುರಿನಿಂದ ಬಿಡಿಸಿದರೆ ಕಾಳು ದೂರ ಹಾರುತ್ತಿತ್ತು. ನಾರಾಯಣಪ್ಪ ಎದುರಿಗೆ ಕೂತು ಮೊರವನ್ನು ತನ್ನ ಕಡೆಗೆ ಎಳೆದುಕೊಂಡ. ಒಂದು ಹಿಡಿ ಸುಲಿದ. ಎರಡು ಹಿಡಿ ಸುಲಿದ.

"ಸರಳಾ, ಆ ದಿವಸ ನಾನು..." ಎಂದು ನಿಲ್ಲಿಸಿದ.

"ನಾನು ನೋಡ್ದೆ ಮಾವ" ಎಂದಳು ಅವಳು.

ಅವನ ಕೈ ನಿಂತಿತು.

"ನಾನು ಬಿದ್ದು ಕೂತಿದ್ದೆ. ಕೈ ನೋವಿಗೆ ಕಣ್ಣು ಕತ್ಲೆ ಬರ್ತಿತ್ತು. ನೀವು ಎದ್ರಿ, ಅಬ್ಬ ಮಾವಂಗೇನೂ ಆಗಿಲ್ಲ, ಬತ್ತಾವ್ರೆ ಅಂದ್ಕೊಂಡೆ. ನೀವು ಚಕ್ರದ ತಾವ ಕೂತ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕಂಪನಿಯಲ್ಲಿ ನಡೆದದ್ದನ್ನು ಮನೆಗೆ ಬಂದು ಹೇಳುವ ದನಿ. "ಏನೋ ಒರ್ಸಿದ್ರಿ. ಟವಲು ಆಮೇಲೆ ನೀವೇ ಒಗ್ದ್ರಿ. ಈ ಮನೇಗೆ ಬಂದು ಆರು ವರ್ಷ ಆಯ್ತು, ನೀವು ಟವಲು ಒಗೆದಿದ್ದು ನಾನು ನೋಡಿರ್ಲಿಲ್ಲ."

ನಾರಾಯಣಪ್ಪ ತಲೆ ಎತ್ತಲಿಲ್ಲ. ನೆಲ ಬಿರಿದರೆ ಇಳಿದುಹೋಗೋಣವೆಂದು ಜನ ಹೇಳುವುದುಂಟು. ಅವನಿಗೆ ನೆಲ ಬಿರಿಯುವುದೂ ಬೇಡವಾಗಿತ್ತು. ಅವಳು ಇನ್ನೊಂದು ಮಾತು ಆಡದಿದ್ದರೆ ಸಾಕಾಗಿತ್ತು. ಅವಳೂ ಆಡಲಿಲ್ಲ. ಕೊನೆಗೆ ಅವನೇ ಎಲ್ಲವನ್ನೂ ಹೇಳಿದ: ಎಲೆ, ಸಿಂಧೂರ, ಮೂರು ಬೆರಳು, ಟವಲು, ಚಲಪತಿ ನೆಲ ನೋಡಿಕೊಂಡು ಹೇಳಿದ ಮಾತು.

"ನಾಡಿದ್ದು ಭೋಗಿ. ಗುಡೀಲಿ ಎಲ್ಲಾ ಸೇರ್ತಾರೆ. ಮೈಕು ಹಿಡ್ದು ಹೇಳ್ಬುಡ್ತೀನಮ್ಮ. ಊರ ಮುಂದೆ ಕಾಲಿಗೆ ಬಿದ್ದು ಕೇಳ್ಕೊಂತೀನಿ."

ಸರಳಾ ದೂರ ಹಾರಿದ್ದ ಕಾಳೊಂದನ್ನು ಹೆಕ್ಕಿ ಮೊರಕ್ಕೆ ಹಾಕಿದಳು. "ಬ್ಯಾಡ ಮಾವ. ಮೈಕಲ್ಲಿ ಹೇಳಿದ್ರೆ, ಎಂಥಾ ದೊಡ್ಡ ಮನಸ್ಸು ನಾರಾಯಣಪ್ಪಂದು ಅಂತ ಹೆಂಗಸ್ರೆಲ್ಲಾ ಅಳ್ತಾರೆ. ಅದೂ ನಿಮ್ಮ ಕಥೇನೇ ಆಯ್ತದೆ. ಚಲಪತಣ್ಣಂಗೆ ಏನು ಸಿಕ್ತು? ನೀವು ಯಾರ್ಯಾರ ಹತ್ರ ಬ್ರೇಕು ಹಿಡೀಲಿಲ್ಲ ಅಂದ್ರೋ, ಅವರವರ ಹತ್ರಾನೇ ಹೋಗಿ ಹೇಳಿ."

ಎಷ್ಟು ಜನವೆಂದು ಅವನು ಬೆರಳು ಮಡಿಚಿದ. ಹನ್ನೊಂದು ಜನ.

ಮೊದಲು ಹೋದದ್ದು ಪಾಪಣ್ಣನ ಟೀ ಅಂಗಡಿಗೆ. ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋಗಿ, "ಪಾಪಣ್ಣ, ತಪ್ಪು ಬ್ರೇಕಿಂದಲ್ಲ. ಡಿಸ್ಕಿಗೆ ಎಣ್ಣೆ ಸಿಂಧೂರ ಬಳ್ದಿದ್ದು ನಾನು. ಚಲಪತಿ ಎಣ್ಣೆ ಸೋಕಿಸ್ಬ್ಯಾಡ ಅಂತ ಹೇಳೇ ಇದ್ದ" ಎಂದ.

ಪಾಪಣ್ಣ ಹಾಲಿನ ಸೌಟು ಹಿಡಿದೇ ನಿಂತ. ಆಮೇಲೆ ಬಿದ್ದು ಬಿದ್ದು ನಕ್ಕ. "ಅಯ್ಯೋ ನಿನ್ನ! ಬ್ರೇಕಿಗೆ ಎಣ್ಣೆನೀರು ಹಾಕ್ಬುಟ್ಯಾ? ಮದ್ವೆ ಗಂಡು ಅಂದ್ಕೊಂಡ್ಯಾ ಅದ್ನ?" ಎಂದ. ನಗು ಮುಗಿದ ಮೇಲೆ, "ಹೋಗ್ಲಿ ಬುಡಣ್ಣ, ಗೊತ್ತಿಲ್ದೆ ಆಗಿದ್ದು" ಎಂದ.

ಇಷ್ಟೇನಾ ಎಂದು ಹಗುರವಾಗಿ ನಾರಾಯಣಪ್ಪ ಮನೆಗೆ ಬಂದ. ಸರಳಾ ಒಂದೇ ಪ್ರಶ್ನೆ ಕೇಳಿದಳು: "ಟವಲಿನ ವಿಷಯ?"

ಗೊತ್ತಿಲ್ಲದೆ ಆದದ್ದು ಸಿಂಧೂರ. ಟವಲು ಗೊತ್ತಿದ್ದೇ ಆದದ್ದು. ಹಗುರವಾದದ್ದನ್ನು ಕೊಟ್ಟು ಭಾರದ್ದನ್ನು ಮನೆಗೆ ವಾಪಸು ಹೊತ್ತುಕೊಂಡು ಬಂದಿದ್ದ. ಮೆಟ್ಟು ಬಿಚ್ಚಿರಲಿಲ್ಲ, ಹಾಗೇ ತಿರುಗಿ ಹೋದ. ಈಗ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಅವರ ಮುಂದೆಯೇ ಹೇಳಬೇಕಾಯಿತು. "ಸೊಸೆ ಬಿದ್ದಿದ್ಲು ಪಾಪಣ್ಣ. ನಾನು ಅವಳ ತಾವ ಹೋಗ್ಲಿಲ್ಲ. ಮೊದ್ಲು ಚಕ್ರ ಒರ್ಸ್ದೆ. ಯಾರೂ ನೋಡ್ಬಾರ್ದು ಅಂತ."

ಈ ಸಲ ಪಾಪಣ್ಣ ನಗಲಿಲ್ಲ. ಯಾರೂ ನಗಲಿಲ್ಲ. "ಟೀ ಕುಡೀತೀಯಾ?" ಎಂದು ಕೂಡ ಕೇಳಲಿಲ್ಲ.

ಗೋವಿಂದಮ್ಮ ಕೇಳಿದ್ದು ಬೇರೆಯೇ. ಕಟ್ಟುತ್ತಿದ್ದ ಹೂವನ್ನು ಮಡಿಲಿಗೆ ಹಾಕಿಕೊಂಡು, "ಏನಂದೆ? ಸ್ವಾಮಿ ಸಿಂಧೂರದಿಂದ ಬಿದ್ರಿ ಅಂತೀಯಾ? ನಾಲಗೆ ಸೇದೋಯ್ತದೆ ನಿಂದು!" ಎಂದು ಎದ್ದೇ ನಿಂತಳು.

"ಸ್ವಾಮೀದು ಏನೂ ತಪ್ಪಿಲ್ಲ ಗೋವಿಂದಮ್ಮ. ಅವನ ಮೈಮೇಲೆ ಇರೋದನ್ನ ತಂದು ಎಲ್ಲಿಡ್ಬಾರ್ದೋ ಅಲ್ಲಿ ಇಟ್ಟೋನು ನಾನು. ನಿಜ ಮುಚ್ಚಿಟ್ಟು ಅವನ ಹೆಸರಲ್ಲಿ ಕಥೆ ಬೆಳೆಯಾಕೆ ಬಿಟ್ಟೋನೂ ನಾನು. ನೀನು ಹತ್ತು ಜನಕ್ಕೆ ಹೇಳಿದೀಯ. ಆ ಹತ್ತು ಜನಕ್ಕೂ ಚಲಪತೀದು ತಪ್ಪಿಲ್ಲ ಅಂತ ಹೇಳ್ಬೇಕು ನೀನು."

ಮುದುಕಿ ಅವನ ಬಲಗೈಯ ಬೆರಳುಗಳನ್ನು ನೋಡಿದಳು. "ಇಷ್ಟು ದಿನ ಆ ಬೆರಳಿಂದ ನಾನು ಬೊಟ್ಟು ಇಡಿಸ್ಕೊಂಡೆನಲ್ಲಪ್ಪ" ಎಂದು ಮತ್ತೆ ಕೂತು ಹೂ ಕಟ್ಟತೊಡಗಿದಳು. ಹೇಳುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಆ ಮಾತು ನಾರಾಯಣಪ್ಪನ ಬೆರಳಿಗೆ ಚುಚ್ಚಿದ ಹಾಗೆ ದಿನವೆಲ್ಲಾ ಉಳಿಯಿತು.

ಹೀಗೆ ಎರಡು ದಿನದಲ್ಲಿ ಹತ್ತು ಜನ ಮುಗಿದರು. ಕೆಲವರು "ಬುಡಪ್ಪ" ಎಂದರು, ಒಬ್ಬ ಮುಖಕ್ಕೆ ಬಾಗಿಲು ಹಾಕಿಕೊಂಡ. ಉಳಿದವನು ಮುನಿವೆಂಕಟಪ್ಪ. ಅವನನ್ನು ಕೊನೆಗಿಟ್ಟುಕೊಂಡದ್ದು ಹೆದರಿಕೆಯಿಂದಲೇ.

ಭೋಗಿಯ ಬೆಳಗ್ಗೆ ಮುನಿವೆಂಕಟಪ್ಪ ಅಂಗಳದಲ್ಲಿ ತನ್ನ ಬೈಕನ್ನು ಮುಂದೆ ಹಿಂದೆ ಆಡಿಸುತ್ತ ಬೈಯುತ್ತಿದ್ದ. ಅವನದೂ ಡಿಸ್ಕ್ ಬ್ರೇಕೇ. ಆಡಿಸಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹಲ್ಲು ಜುಮ್ಮೆನ್ನುವ ಸದ್ದು ಬರುತ್ತಿತ್ತು.

"ನೋಡ್ಲಾ ನಾಣಿ, ಪ್ಯಾಡು ಪೂರಾ ಸವ್ದೋಗದೆ. ಹೊಸೂರಲ್ಲಿ ನಾಳೆ ಬಾ, ನಾಡಿದ್ದು ಬಾ ಅಂತಾವ್ರೆ. ಎಲ್ಲಾ ನಿನ್ನ ಚಲಪತಿಯಿಂದ."

"ಅವನಿಂದಲ್ಲ, ನನ್ನಿಂದ" ಎಂದು ನಾರಾಯಣಪ್ಪ ನಿಂತೇ ಎಲ್ಲವನ್ನೂ ಹೇಳಿದ. ಈಗ ಟವಲು ಮೊದಲು ಬಂತು, ಸಿಂಧೂರ ಆಮೇಲೆ.

ಮುನಿವೆಂಕಟಪ್ಪನ ದೊಡ್ಡ ಬಾಯಿ ಮುಚ್ಚಿತು.

"ನಾನು ಅವನ ಅಂಗಡಿ ಮುಂದೆ ನಿಂತ್ಕೊಂಡು ಬೈದೆನಲ್ಲೋ" ಎಂದ ಕೊನೆಗೆ. "ಕಸುಬುಗೇಡಿ ಅಂದೆ. ಅವನ ಹೆಂಡ್ತಿ ಅಲ್ಲೇ ಇದ್ಲು, ಊಟ ತಂದಿದ್ಲು. ನಿನ್ನ ಮಾತು ನಂಬಿ, ಲೋ."

"ಹೌದು."

"ಹೌದಂತೆ! ಎಷ್ಟು ಸುಲಭ್ವಾಗಿ ಅಂತೀಯಲ್ಲ." ಅವನು ಜಗುಲಿಯ ಮೇಲೆ ಕುಸಿದು ಕೂತ. "ಈಗ ಯಾವ ಮಕ ಇಟ್ಕೊಂಡು ಅವನ ತಾವ ಹೋಗ್ಲಿ ನಾನು?"

ನಾರಾಯಣಪ್ಪ ಅವನ ಪಕ್ಕ ಕೂತ. ಬೀದಿಯಲ್ಲಿ ಭೋಗಿಯ ಬೆಂಕಿಯ ಹೊಗೆ ಎಳೆಎಳೆಯಾಗಿ ಹರಿದು ಹೋಗುತ್ತಿತ್ತು. ಕೊನೆಗೆ ನಾರಾಯಣಪ್ಪ ಎದ್ದ. "ಬೀಗದಕೈ ಕೊಡು. ನೀನು ಬರ್ಬ್ಯಾಡ. ನಾನು ತಕೊಂಡ್ಹೋಯ್ತೀನಿ."

"ಓಡುಸ್ಬ್ಯಾಡ ಕಣ್ಲಾ, ಬ್ರೇಕಿಲ್ಲ ಅದಕ್ಕೆ."

"ತಳ್ಕೊಂಡು ಹೋಯ್ತೀನಿ."

ಎರಡು ಮೈಲಿ. ದಿನ್ನೆ ಹತ್ತುವಾಗ ಎದೆ ಹೊಡೆದುಕೊಂಡಿತು. ಇಳಿಯುವಾಗ ಗಾಡಿಯನ್ನು ಹಿಂದಕ್ಕೆಳೆದು ಹಿಡಿಯಬೇಕಾಗಿ ತೋಳು ನಡುಗಿತು. ಚಲಪತಿ ತನ್ನ ಬೈಕನ್ನು ಹೀಗೇ ತಳ್ಳಿಕೊಂಡು ಹೋದಾಗ ಬಾಗಿಲಲ್ಲಿ ನಿಂತು ನೋಡಿದ್ದೆನಲ್ಲ ಎಂದು ನೆನಪಾಯಿತು. ದಾರಿಯಲ್ಲಿ ಯಾರೋ "ಪೆಟ್ರೋಲ್ ಖಾಲಿಯಾ ಅಣ್ಣ?" ಎಂದರು. ಇಲ್ಲವೆಂದು ತಲೆಯಾಡಿಸಿದ.

ಹುಣಸೆಮರದ ಕೆಳಗೆ ಚಲಪತಿ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಸಾಲಾಗಿ ಇಡುತ್ತಿದ್ದ. ಕೆಲಸಕ್ಕೆ ತೊಳೆದದ್ದಲ್ಲ, ಕಟ್ಟಿಡಲು ತೊಳೆದದ್ದು ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಾರಾಯಣಪ್ಪನನ್ನು ನೋಡಿ ಎದ್ದು ನಿಂತ.

"ಡಿಸ್ಕಿಗೆ ಸಿಂಧೂರ ಹಚ್ಚಿದ್ದು ನಾನು, ಚಲಪತಿ. ಒರ್ಸಿ ಮುಚ್ಚಿಟ್ಟಿದ್ದೂ ನಾನು."

"ಗೊತ್ತು ಅಣ್ಣ."

"ಗೊತ್ತಿದ್ದೂ ಯಾಕಪ್ಪ ಸುಮ್ಕಿದ್ದೆ?"

ಚಲಪತಿ ಕೈಯ ಎಣ್ಣೆಯನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿಕೊಂಡ. "ದೇವ್ರ ಸಿಂಧೂರದ ಮೇಲೆ ತಪ್ಪು ಹೊರ್ಸಿದ್ರೆ ನನ್ನ ಮಾತು ಯಾರು ನಂಬ್ತಾರೆ? ಅದಿರ್ಲಿ. ಎಣ್ಣೆ ಬ್ಯಾಡ ಅಂದೆ, ಸಿಂಧೂರ ಬ್ಯಾಡ ಅಂತ ಬಾಯ್ಬಿಟ್ಟು ಹೇಳ್ಲಿಲ್ಲ. ನಮ್ಮ ಊರಲ್ಲಿ ಗಾಡಿಗೆ ಏನೇನು ಬಳೀತಾರೆ ಅಂತ ನಂಗೊತ್ತಿಲ್ವಾ? ಆ ಹುಡುಗಿ ಕೈ ನೋಡಿದಾಗೆಲ್ಲಾ ಅದೇ ಅನ್ನುಸ್ತಿತ್ತು."

ತಪ್ಪು ಮಾಡದವನು ತಪ್ಪಿನಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದಾನೆ. ನಾರಾಯಣಪ್ಪನಿಗೆ ಕ್ಷಮಿಸೆಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಈ ಮನುಷ್ಯ ಕೊಟ್ಟೇಬಿಡುತ್ತಾನೆಂಬುದು ಗೊತ್ತಿತ್ತು; ಇವನಿಂದ ತೆಗೆದುಕೊಂಡದ್ದೇ ಬೇಕಾದಷ್ಟಾಗಿತ್ತು.

ಬೈಕನ್ನು ಮರದ ನೆರಳಿಗೆ ತಂದು ಸ್ಟ್ಯಾಂಡು ಹಾಕಿದ. "ಮುನಿವೆಂಕಟಪ್ಪಂದು. ಮುಂದಿನ ಪ್ಯಾಡು ಸವ್ದೈತೆ. ಅವನೇ ಕಳ್ಸಿದ್ದು" ಎಂದ. "ನಿನ್ನ ತಾವ ಬರ್ಬೇಕಾಗಿದ್ದ ಗಾಡಿ."

ಚಲಪತಿ ಬಗ್ಗಿ ಡಿಸ್ಕಿನ ಮೇಲೆ ಹೆಬ್ಬೆರಳು ಓಡಿಸಿ ಗೀರುಗಳನ್ನು ಮುಟ್ಟಿ ನೋಡಿದ. ಗೋಣಿಯ ಮೇಲಿನ ಸಾಲಿನಿಂದ ಒಂದು ಸ್ಪ್ಯಾನರು ಎತ್ತಿಕೊಂಡ. ನಾರಾಯಣಪ್ಪ ಎಡಗೈಯನ್ನು ಬಲಗೈಗೆ ತಾಗಿಸಿ, ಗುಡಿಯಲ್ಲಿ ಪ್ರಸಾದ ಕೊಡುವಾಗ ಚಾಚುವ ಹಾಗೆ ಚಾಚಿ, ಬೀಗದಕೈಯನ್ನು ಅವನ ಅಂಗೈಯಲ್ಲಿಟ್ಟ.